ರಟ್ಟೆ ನಿಂತರೆ ಕೊಟ್ಟಿಗೆ ನಿಲ್ಲುತ್ತದೆ: ಲಸಿಕೆಯ ಜೊತೆಗೆ ಪರಿಹಾರವೂ ಬರಲಿ

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ನಮಗೆ ಮಂಗನ ಕಾಯಿಲೆಯ ಬಗ್ಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಪತ್ತೆಯಾಯಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018-19ರ ಹಂಗಾಮಿನಲ್ಲಿ ಆದ ಸಾವುಗಳನ್ನು ನಾವು ಮರೆತಿಲ್ಲ. ಕಾಯಿಲೆ ಹರಡುವುದು ಉಣುಗಿನಿಂದ. ಸೊಪ್ಪಿಗೆ, ದರಗಿಗೆ, ಕಟ್ಟಿಗೆಗೆ ಕಾಡಿಗೆ ಹೋಗುವವರು ನಾವು. ಮೇಯಲು ಹೋದ ದನದ ಮೈಮೇಲೆ ಉಣುಗು ಬಂದರೆ ಅದನ್ನು ಕಿತ್ತು ತೆಗೆಯುವವರೂ ನಾವೇ. ಹಾಗಾಗಿ ಈ ಕಾಯಿಲೆಗೆ ಒಳ್ಳೆಯ ಲಸಿಕೆ ಬೇಕು ಎಂದು ಕೇಳುವ ಹಕ್ಕು ನಮಗಿಂತ ಹೆಚ್ಚು ಯಾರಿಗೂ ಇಲ್ಲ.

ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲ ಎಂದು 2022ರಲ್ಲಿ ನಿಂತಿತು. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸಂಸ್ಥೆ ಸೇರಿ ಹೊಸ ಲಸಿಕೆ ತಯಾರಿಸುವ ಕೆಲಸದಲ್ಲಿವೆ. ಈ ಸಂಸ್ಥೆ ನಮಗೆ ದೂರದ್ದೇನಲ್ಲ. ಇದನ್ನು ಹುಟ್ಟುಹಾಕಿದ್ದು ನಮ್ಮ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ (ಎನ್‌ಡಿಡಿಬಿ). ಹಸುಗಳಿಗೆ ಹಾಕುವ ಕಾಲುಬಾಯಿ ರೋಗದ ಲಸಿಕೆಯನ್ನೂ ಇದೇ ಸಂಸ್ಥೆ ತಯಾರಿಸುತ್ತದೆ.

ಲಸಿಕೆ ಪ್ರಯೋಗದ ಹಂತಗಳನ್ನೆಲ್ಲ ದಾಟಿ ನಮ್ಮೂರಿಗೆ ಬಂದ ದಿನ ನಾವು ಸಾಲಿನಲ್ಲಿ ನಿಂತು ಹಾಕಿಸಿಕೊಳ್ಳಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ಹೇಳಲು ಹೊರಟಿರುವುದು ಇನ್ನೊಂದು ಮಾತು. ಊರಿನ ಒಳ್ಳೆಯದಕ್ಕಾಗಿ ತೋಳು ಚಾಚಿದ ಹೆಣ್ಣುಮಗಳೊಬ್ಬಳ ಭುಜ ಆ ಸೂಜಿಯಿಂದಲೇ ಕೆಟ್ಟರೆ ಅವಳ ನಷ್ಟ ತುಂಬಿಕೊಡುವ ವ್ಯವಸ್ಥೆ ಲಸಿಕೆಯ ಜೊತೆಗೇ ಬರಬೇಕು. ಲಸಿಕೆ ಬಂದ ಮೇಲೆ ನೋಡೋಣ ಎನ್ನುವುದು ಬೇಡ. ಈಗಲೇ ಕೇಳಬೇಕು.

ಸೂಜಿಯಿಂದ ಭುಜ ಕೆಡುವುದು ಹೇಗೆ?

ಲಸಿಕೆ ಹಾಕಿದ ಮೇಲೆ ಎರಡು ಮೂರು ದಿನ ರಟ್ಟೆ ನೋಯುವುದು, ಊದಿಕೊಳ್ಳುವುದು, ಸಣ್ಣ ಜ್ವರ ಬರುವುದು ಮಾಮೂಲು. ಮಂಗನ ಕಾಯಿಲೆಯ ಹಳೆಯ ಲಸಿಕೆ ಹಾಕಿಸಿಕೊಂಡವರಿಗೆ ಆ ನೋವು ಗೊತ್ತು. ಮೊದಲು ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು, ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಲೆಕ್ಕ ಹಾಕಿದರೆ ಎಂಟು ಸೂಜಿ. ಮೊದಲ ಸೂಜಿಯ ನೋವಿಗೆ ಹೆದರಿ ಎರಡನೆಯದಕ್ಕೆ ಬಾರದವರು ಪ್ರತಿ ಊರಿನಲ್ಲೂ ಇದ್ದರು.

ಆದರೆ ನಾನು ಹೇಳುತ್ತಿರುವುದು ಆ ಮಾಮೂಲು ನೋವಿನ ವಿಷಯವಲ್ಲ. ಸೂಜಿ ಹಾಕಬೇಕಾದ ಜಾಗ ರಟ್ಟೆಯ ದಪ್ಪ ಸ್ನಾಯುವಿನ ನಡುವೆ, ಅಂದರೆ ಭುಜದ ತುದಿಯ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ. ಅದಕ್ಕಿಂತ ಮೇಲೆ ಚುಚ್ಚಿದರೆ ಔಷಧ ಸ್ನಾಯುವಿಗೆ ಹೋಗುವ ಬದಲು ಭುಜದ ಕೀಲಿನ ಹತ್ತಿರಕ್ಕೆ ಹೋಗಬಹುದು. ಅಲ್ಲಿ ಉರಿಯೂತ ಆಗುತ್ತದೆ. ಒಂದೆರಡು ದಿನದೊಳಗೆ ಶುರುವಾದ ನೋವು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಕೈ ಮೇಲೆತ್ತಲು ಬರುವುದಿಲ್ಲ, ತಲೆ ಬಾಚಲು ಆಗುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ. 2010ರಲ್ಲಿ ಅಮೆರಿಕದ ವೈದ್ಯರು ಇಂಥ 13 ಜನರ ವಿವರ ಪ್ರಕಟಿಸಿ ಇದಕ್ಕೊಂದು ಹೆಸರು ಕೊಟ್ಟರು. ಅದನ್ನು ಚಿಕ್ಕದಾಗಿ ‘ಸಿರ್ವಾ’ ಎನ್ನುತ್ತಾರೆ. ಲಸಿಕೆಯಿಂದಾಗುವ ಭುಜದ ಗಾಯ ಎಂದು ಅದರ ಅರ್ಥ.

ಎರಡು ವಿಷಯ ಗಮನಿಸಿ. ಒಂದು, ಇದು ಅಪರೂಪ. ಇನ್ನೊಂದು, ಇದರಲ್ಲಿ ತೊಂದರೆ ಮುಖ್ಯವಾಗಿ ಸೂಜಿ ಹೋದ ಜಾಗದ್ದು. ಹಾಗಾಗಿ ಇದು ಯಾವ ಲಸಿಕೆಯಲ್ಲೂ ಆಗಬಹುದು. ಬಸುರಿಯರಿಗೆ ಹಾಕುವ ಧನುರ್ವಾಯು ಲಸಿಕೆಯಲ್ಲೂ ಆಗಬಹುದು, ಕೋವಿಡ್ ಲಸಿಕೆಯಲ್ಲೂ ಆಗಬಹುದು. ಸ್ವಲ್ಪ ಎಚ್ಚರ ವಹಿಸಿದರೆ ಬಹುಮಟ್ಟಿಗೆ ತಪ್ಪಿಸಲೂಬಹುದು.

ಹೆಂಗಸರಿಗೆ ಇಲ್ಲಿ ಒಂದು ವಿಶೇಷ ತೊಡಕು ಇದೆ. ಕುಪ್ಪಸದ ತೋಳು ಬಿಗಿಯಾಗಿರುತ್ತದೆ, ಮೇಲೇರುವುದಿಲ್ಲ. ಗಂಡಸರೂ ಇರುವ ಜಗಲಿಯ ಮೇಲೋ ಶಾಲೆಯ ಕೋಣೆಯಲ್ಲೋ ಶಿಬಿರ ನಡೆಯುತ್ತದೆ. ನಾಚಿಕೆಯಿಂದ ನಾವು ಕುತ್ತಿಗೆಯ ಕಡೆಯಿಂದ ಬಟ್ಟೆ ಒಂದಿಷ್ಟು ಜಾರಿಸಿ, ಭುಜದ ತುದಿಯನ್ನಷ್ಟೇ ತೋರಿಸುತ್ತೇವೆ. ಸಾಲು ಉದ್ದ ಇರುತ್ತದೆ. ಸಿಸ್ಟರ್ ನಿಂತುಕೊಂಡೇ ಕಂಡ ಜಾಗಕ್ಕೆ ಚುಚ್ಚುತ್ತಾರೆ. ಒಂದು ಪರದೆ, ಎರಡು ಕುರ್ಚಿ ಇದ್ದರೆ ಈ ಗಾಯದ ಅರ್ಧ ಕಾರಣ ಅಲ್ಲಿಗೇ ಹೋಗುತ್ತದೆ.

ನಷ್ಟದ ಲೆಕ್ಕ ಬರೆಯುವವರು ಯಾರು?

ಕಚೇರಿಯಲ್ಲಿ ಕುಳಿತು ದುಡಿಯುವವರಿಗೆ ಭುಜ ನೋವು ಒಂದು ತೊಂದರೆ. ನಮಗೆ ಅದು ಜೀವನೋಪಾಯದ ಪ್ರಶ್ನೆ. ಬೆಳಗಿನ ಜಾವ ಕೊಟ್ಟಿಗೆಗೆ ಹೋದಲ್ಲಿಂದ ಲೆಕ್ಕ ಹಾಕಿ. ಸಗಣಿ ಬಾಚುವುದು, ಬುಟ್ಟಿ ಹೊರುವುದು, ಹಾಲು ಕರೆಯುವುದು, ಡೇರಿಗೆ ಕ್ಯಾನು ಹೊತ್ತು ಹೋಗುವುದು, ಹುಲ್ಲು ಕೊಯ್ಯುವುದು, ಸೊಪ್ಪಿನ ಹೊರೆ ತಲೆಗೇರಿಸುವುದು. ಇದರಲ್ಲಿ ಒಂದು ಕೈಯಲ್ಲಿ ಆಗುವ ಕೆಲಸ ಯಾವುದಿದೆ? ಮಂಗನ ಕಾಯಿಲೆಯ ಹಂಗಾಮು ಡಿಸೆಂಬರ್ ಹೊತ್ತಿಗೆ ಶುರುವಾಗುತ್ತದೆ. ಅದಕ್ಕೆ ಮೊದಲೇ ಲಸಿಕೆ ಹಾಕಬೇಕು. ಅದೇ ಹೊತ್ತಿಗೆ ಅಡಿಕೆ ಕೊಯ್ಲು ಬರುತ್ತದೆ. ಆಗ ಆಳು ಹುಡುಕಿದರೂ ಸಿಗುವುದಿಲ್ಲ.

ಸಿಕ್ಕಿದರು ಎಂದೇ ಇಟ್ಟುಕೊಳ್ಳಿ. ಎರಡು ಹೊತ್ತು ಕರೆಯುವುದಕ್ಕೆ, ಕೊಟ್ಟಿಗೆ ಬಾಚುವುದಕ್ಕೆ ದಿನಕ್ಕೆ 300 ರೂಪಾಯಿ ಕೊಟ್ಟರೆ ಮೂರು ತಿಂಗಳಿಗೆ 27,000 ರೂಪಾಯಿ ಆಯಿತು. ಹಿಂಡಿಯ ಖರ್ಚು ಕಳೆದು ಎರಡು ಹಸುವಿನ ಹಾಲಿನಲ್ಲಿ ದಿನಕ್ಕೆ 300 ರೂಪಾಯಿ ಕೈಗೆ ಉಳಿಯುವ ಮನೆ ಎಷ್ಟಿದೆ, ನೀವೇ ಹೇಳಿ. ಕೈ ಬದಲಾದರೆ ಹಸು ಸರಿಯಾಗಿ ಸೊರೆ ಬಿಡುವುದಿಲ್ಲ. ಹಾಲು ಕೆಚ್ಚಲಲ್ಲೇ ಉಳಿದರೆ ಕೆಚ್ಚಲು ಬಾವು ಬರುತ್ತದೆ. ಒಂದು ಸೂಜಿಯ ತಪ್ಪು ಹೀಗೆ ಕೊಟ್ಟಿಗೆಯವರೆಗೂ ಬರುತ್ತದೆ.

ಈಗ ಇನ್ನೊಂದು ಲೆಕ್ಕ ನೋಡಿ. ನಮ್ಮ ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇದೆ. ವಿಮೆ ಮಾಡಿಸಿದ ಹಸು ಸತ್ತರೆ ಪಶುವೈದ್ಯರು ಬಂದು ನೋಡುತ್ತಾರೆ, ಓಲೆಯ ನಂಬರು ಬರೆದುಕೊಳ್ಳುತ್ತಾರೆ, ಕಾಗದ ಹೋಗುತ್ತದೆ, ಹಣ ಬರುತ್ತದೆ. ತಡವಾಗಬಹುದು, ಓಡಾಟ ಇರಬಹುದು. ಆದರೂ ದಾರಿ ಇದೆ. ಆ ಹಸುವನ್ನು ಕರೆಯುವ ಕೈಗೆ ಅಂಥ ದಾರಿ ಇಲ್ಲ.

ಇರುವ ವಿಮೆಗಳು ಇಲ್ಲಿಗೆ ಮುಟ್ಟುವುದಿಲ್ಲ. ವರ್ಷಕ್ಕೆ 20 ರೂಪಾಯಿ ಕಟ್ಟುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಅಪಘಾತದಲ್ಲಿ ಸತ್ತರೆ, ಇಲ್ಲವೇ ಕೈ, ಕಾಲು, ಕಣ್ಣು ಶಾಶ್ವತವಾಗಿ ಹೋದರೆ ಹಣ ಕೊಡುತ್ತದೆ. ಆರು ತಿಂಗಳು ಎತ್ತಲಾಗದ ಕೈಗೆ ಕೊಡುವುದಿಲ್ಲ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ ಒಳ್ಳೆಯ ಯೋಜನೆ. ಆದರೆ ಅದು ಆಸ್ಪತ್ರೆಯ ಚಿಕಿತ್ಸೆಗೆ. ಮನೆಯಲ್ಲಿ ಕುಳಿತು ಕಳೆದುಕೊಂಡ ದುಡಿಮೆಗೆ ಅಲ್ಲ.

ಕಾನೂನು ಇಂದು ಏನು ಕೊಡುತ್ತದೆ?

ಮಂಗನ ಕಾಯಿಲೆಯ ಲಸಿಕೆಯಿಂದ ಭುಜ ಕೆಟ್ಟರೆ ಇಷ್ಟು ಹಣ ಕೊಡಬೇಕು ಎಂದು ಹೇಳುವ ಕಾಯ್ದೆ ನಮ್ಮಲ್ಲಿಲ್ಲ. ಉಳಿದಿರುವುದು ಕೋರ್ಟಿನ ದಾರಿ. ಅದೂ ಒಂದೇ ತರಹ ಇಲ್ಲ.

ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಲಸಿಕೆ ಹಾಕಿಸಿಕೊಂಡಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ತೊಂದರೆಯಾದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕ ಇಲ್ಲ. ಆದರೆ ನಾವು ಹಳ್ಳಿಯಲ್ಲಿ ಲಸಿಕೆ ಹಾಕಿಸಿಕೊಳ್ಳುವುದು ಸರ್ಕಾರಿ ಶಿಬಿರದಲ್ಲಿ, ಪುಕ್ಕಟೆಯಾಗಿ. ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ಆಸ್ಪತ್ರೆಗಳು ಗ್ರಾಹಕ ಕಾಯ್ದೆಯ ಒಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ, ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಅಂದರೆ ದುಡ್ಡು ಕೊಟ್ಟವರಿಗೆ ಒಂದು ಬಾಗಿಲು ತೆರೆದಿದೆ. ಬಡವರು ಹೋಗುವ ಜಾಗದಲ್ಲಿ ಆ ಬಾಗಿಲೇ ಇಲ್ಲ.

ಇನ್ನು ಉಳಿದದ್ದು ಸಿವಿಲ್ ಕೋರ್ಟು. ಸರ್ಕಾರದ ಮೇಲೆ ದಾವೆ ಹೂಡುವುದಕ್ಕೆ ಎರಡು ತಿಂಗಳು ಮೊದಲು ನೋಟಿಸ್ ಕೊಡಬೇಕು. ಆಮೇಲೆ ಸೂಜಿ ಹಾಕಿದವರ ನಿರ್ಲಕ್ಷ್ಯವಿತ್ತು, ಅದರಿಂದಲೇ ಭುಜ ಕೆಟ್ಟಿತು ಎಂದು ಎರಡನ್ನೂ ನಾವೇ ಸಾಬೀತು ಮಾಡಬೇಕು. ಆ ಕಡೆಯ ವಕೀಲರು ಏನು ಹೇಳುತ್ತಾರೆ ಎಂದು ಈಗಲೇ ಊಹಿಸಬಹುದು. ‘ನಲವತ್ತು ದಾಟಿದ ಹೆಂಗಸು, ಸಕ್ಕರೆ ಕಾಯಿಲೆಯೂ ಇದೆ, ಭುಜ ತಾನಾಗಿಯೇ ಹಿಡಿದುಕೊಂಡಿದೆ’ ಎನ್ನುತ್ತಾರೆ. ಆ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಇದ್ದಾಗ ಹಾಗೆ ಭುಜ ಹಿಡಿಯುವುದೂ ನಿಜವೇ. ಕ್ಯಾಂಪಿನಲ್ಲಿ ಎರಡು ನಿಮಿಷ ಮುಖ ನೋಡಿದ ಸಿಸ್ಟರ್ ಯಾವ ಜಾಗಕ್ಕೆ ಚುಚ್ಚಿದರು ಎಂದು ನಾಲ್ಕು ವರ್ಷದ ಮೇಲೆ ಕೋರ್ಟಿನಲ್ಲಿ ತೋರಿಸುವುದು ಹೇಗೆ?

ಕೋವಿಡ್ ಲಸಿಕೆಯ ನಂತರ ಹೆಣ್ಣುಮಕ್ಕಳನ್ನು ಕಳೆದುಕೊಂಡ ತಂದೆ-ತಾಯಂದಿರು ಸುಪ್ರೀಂ ಕೋರ್ಟಿಗೆ ಹೋದಾಗ ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಕೊಟ್ಟ ಉತ್ತರವೂ ಇದೇ ದಾರಿ ತೋರಿಸಿತು. ಲಸಿಕೆ ಹಾಕಿಸಿಕೊಳ್ಳುವುದು ಅವರವರ ಇಚ್ಛೆ, ಅದಕ್ಕೆ ಸರ್ಕಾರವನ್ನು ನೇರವಾಗಿ ಹೊಣೆ ಮಾಡಲಾಗದು, ನಷ್ಟವಾದವರು ಸಿವಿಲ್ ಕೋರ್ಟಿಗೆ ಹೋಗಬಹುದು ಎಂಬುದು ಅದರ ವಾದ. ಅದೇ ವರ್ಷದ ಮೇ 2ರಂದು ಜೇಕಬ್ ಪುಲಿಯೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಮುಖ್ಯ ಮಾತು ಹೇಳಿತ್ತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ. ಅಡ್ಡಪರಿಣಾಮ ಆದವರು ಮತ್ತು ಖಾಸಗಿ ವೈದ್ಯರು ತಾವೇ ವರದಿ ಮಾಡುವಂತಿರಬೇಕು, ಆ ವರದಿಗಳು ಜನರಿಗೆ ಸಿಗುವಂತಿರಬೇಕು. ಇದು ನಮಗೆ ಆಸರೆಯಾಗುವ ತೀರ್ಪು. ಆದರೆ ವರದಿ ಬೇರೆ, ಪರಿಹಾರ ಬೇರೆ.

‘ಇಚ್ಛೆ’ ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರು ಇದೆ. ಆಶಾ ಕಾರ್ಯಕರ್ತೆ ಮನೆಗೆ ಮೂರು ಸಲ ಬರುತ್ತಾರೆ. ಪಂಚಾಯಿತಿಯವರು ಹೇಳುತ್ತಾರೆ, ಡೇರಿಯ ಬೋರ್ಡಿನಲ್ಲಿ ಬರೆಯುತ್ತಾರೆ. ಹೇಳಲೇಬೇಕು, ತಪ್ಪಲ್ಲ. ಆದರೆ ಹಾಕಿಸಿಕೊಳ್ಳುವ ತನಕ ಇದು ಊರಿನ ಕರ್ತವ್ಯ, ಕೈ ಕೆಟ್ಟ ಮೇಲೆ ನಿನ್ನ ಸ್ವಂತ ಇಚ್ಛೆ ಎಂದರೆ ಅದು ನ್ಯಾಯವೇ?

ಬೇರೆ ಕಡೆ ಹೇಗಿದೆ?

ಅಮೆರಿಕದಲ್ಲಿ 1986ರಲ್ಲಿ ಇದಕ್ಕೇ ಒಂದು ಕಾಯ್ದೆ ಆಯಿತು. ಅಲ್ಲಿ ಪ್ರತಿ ಡೋಸ್ ಲಸಿಕೆಯ ಮೇಲೆ, ಅದು ತಡೆಯುವ ಒಂದೊಂದು ಕಾಯಿಲೆಗೆ 75 ಸೆಂಟಿನಂತೆ ತೆರಿಗೆ ಹಾಕಿ ಒಂದು ನಿಧಿ ಮಾಡಿದ್ದಾರೆ. ಯಾವ ಲಸಿಕೆಗೆ ಯಾವ ತೊಂದರೆ, ಎಷ್ಟು ದಿನದೊಳಗೆ ಕಾಣಿಸಿಕೊಂಡರೆ ಪರಿಹಾರ ಎಂದು ಪಟ್ಟಿಯೇ ಇದೆ. 2017ರಲ್ಲಿ ಭುಜದ ಗಾಯವೂ ಆ ಪಟ್ಟಿಗೆ ಸೇರಿತು. ನಿಯಮ ಸರಳ. ಆ ಭುಜದಲ್ಲಿ ಮೊದಲು ನೋವು ಇರಬಾರದು, ಸೂಜಿ ಹಾಕಿದ 48 ಗಂಟೆಯೊಳಗೆ ನೋವು ಶುರುವಾಗಿರಬೇಕು, ನೋವು ಮತ್ತು ಬಿಗಿತ ಆ ಭುಜಕ್ಕೆ ಮಾತ್ರ ಇರಬೇಕು, ಬೇರೆ ಕಾರಣ ಇರಬಾರದು. ತೊಂದರೆ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು, ಅಥವಾ ಆಸ್ಪತ್ರೆಗೆ ಸೇರಿ ಶಸ್ತ್ರಚಿಕಿತ್ಸೆ ಆಗಿರಬೇಕು. ಇಷ್ಟು ದಾಖಲೆಯಲ್ಲಿ ಕಂಡರೆ ಸೂಜಿ ಹಾಕಿದವರ ತಪ್ಪು ಎಂದು ಸಾಬೀತು ಮಾಡುವ ಗೋಜಿಲ್ಲ. ಚಿಕಿತ್ಸೆಯ ಖರ್ಚು, ಕಳೆದುಹೋದ ದುಡಿಮೆ, ಅನುಭವಿಸಿದ ನೋವು ಮೂರಕ್ಕೂ ಹಣ ಸಿಗುತ್ತದೆ.

ಇಂಗ್ಲೆಂಡಿನಲ್ಲೂ 1979ರಿಂದ ಕಾಯ್ದೆ ಇದೆ. ಒಂದೇ ಕಂತಿನಲ್ಲಿ 1,20,000 ಪೌಂಡ್ ಕೊಡುತ್ತಾರೆ. ಆದರೆ ಶೇಕಡಾ 60ರಷ್ಟು ಅಂಗವೈಕಲ್ಯ ಆಗಿರಬೇಕು ಎಂಬ ಷರತ್ತಿದೆ. ಕೈ ಎತ್ತಲಾಗದ ಹಾಲು ಕರೆಯುವವಳು ಆ ಷರತ್ತು ದಾಟುವುದು ಕಷ್ಟ. ಹಾಗಾಗಿ ಹೆಸರಿಗೆ ಕಾಯ್ದೆ ಬಂದರೆ ಸಾಲದು, ಅದರ ಷರತ್ತು ನಮ್ಮ ಕೆಲಸಕ್ಕೆ ಹೊಂದಬೇಕು. ಅಮೆರಿಕದ ಆರು ತಿಂಗಳೂ ನಮಗೆ ಹೆಚ್ಚಾಯಿತು. ಕೊಟ್ಟಿಗೆಯ ಕೆಲಸಕ್ಕೆ ಎರಡು ತಿಂಗಳು ಕೈ ನಿಂತರೆ ಸಾಕು, ಒಂದು ಹಸು ಮಾರಾಟಕ್ಕೆ ನಿಲ್ಲುತ್ತದೆ.

ನಮ್ಮಲ್ಲೇ ಇರುವ ಉದಾಹರಣೆಗಳು

ಹೊರದೇಶದ ಮಾತು ಬಿಡಿ. ತಪ್ಪು ಯಾರದು ಎಂದು ಕೇಳದೆ ಪರಿಹಾರ ಕೊಡುವುದು ನಮ್ಮ ಸರ್ಕಾರಕ್ಕೂ ಹೊಸದಲ್ಲ.

ಕಾಡುಪ್ರಾಣಿ ದಾಳಿ ಮಾಡಿದರೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಆನೆಯ ನಿರ್ಲಕ್ಷ್ಯ ಸಾಬೀತು ಮಾಡಿ ಎಂದು ಯಾರೂ ಕೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 164ನೇ ಕಲಂ ಪ್ರಕಾರ ಅಪಘಾತದಲ್ಲಿ ಸತ್ತರೆ 5 ಲಕ್ಷ, ತೀವ್ರ ಗಾಯವಾದರೆ ಎರಡೂವರೆ ಲಕ್ಷ ರೂಪಾಯಿಯನ್ನು ಚಾಲಕನ ತಪ್ಪು ತೋರಿಸದೆಯೂ ಕೇಳಬಹುದು.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಹೆಂಗಸರದ್ದೇ. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾದರೆ, ತೊಡಕಾದರೆ, ಸಾವಾದರೆ ಹಣ ಕೊಡುವ ವ್ಯವಸ್ಥೆ ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2005ರಲ್ಲಿ ಬಂತು. ಅದೂ ಸರ್ಕಾರಿ ಶಿಬಿರ, ಅದೂ ಪುಕ್ಕಟೆ, ಅಲ್ಲಿಯೂ ಹೆಚ್ಚಿನವರು ಹೆಂಗಸರೇ. ಅಲ್ಲಿ ಆಗುವುದಾದರೆ ಲಸಿಕೆಯಲ್ಲಿ ಯಾಕೆ ಆಗದು?

ಇನ್ನೊಂದು ಸಂಗತಿ ಹೊಸ ಲಸಿಕೆಗೇ ಸಂಬಂಧಿಸಿದ್ದು. ಔಷಧ ಪ್ರಯೋಗಗಳ 2019ರ ನಿಯಮದ ಪ್ರಕಾರ, ಪ್ರಯೋಗದ ಹಂತದಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ಅದರಿಂದ ತೊಂದರೆಯಾದರೆ ಪುಕ್ಕಟೆ ಚಿಕಿತ್ಸೆ ಮತ್ತು ಪರಿಹಾರ ಕೊಡಲೇಬೇಕು. ಪ್ರಯೋಗ ಮುಗಿದು ಅದೇ ಲಸಿಕೆ ಸಾವಿರಾರು ಜನರಿಗೆ ಬಂದ ಮರುದಿನ ಆ ರಕ್ಷಣೆ ಇಲ್ಲವಾಗುತ್ತದೆ. ನಾವು ಕೇಳುವುದು ಇಷ್ಟೇ: ಪ್ರಯೋಗಕ್ಕೆ ಕೈಕೊಟ್ಟವರಿಗೆ ಇರುವ ರಕ್ಷಣೆ ಊರಿಗಾಗಿ ಕೈಕೊಟ್ಟವರಿಗೂ ಇರಲಿ.

ಜನ ಹೆದರುವುದಿಲ್ಲವೇ?

ಇದನ್ನೆಲ್ಲ ಬರೆದರೆ ಜನ ಲಸಿಕೆಗೇ ಬರುವುದಿಲ್ಲ ಎಂದು ಕೆಲವರು ಹೇಳಬಹುದು. ಆರೋಗ್ಯ ಇಲಾಖೆಯಲ್ಲಿ ನಿಷ್ಠೆಯಿಂದ ದುಡಿಯುವವರಿಗೂ ಈ ಆತಂಕ ಇರುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಲಸಿಕೆಗೆ ಜನ ಹಿಂಜರಿದದ್ದು ಯಾರೋ ಪರಿಹಾರದ ಮಾತಾಡಿದರು ಎಂದಲ್ಲ. ನೋವಾಯಿತು, ನೋವಾದಾಗ ಕೇಳುವವರಿರಲಿಲ್ಲ, ಅದಕ್ಕೇ ಹಿಂಜರಿದರು. ಊರಿನಲ್ಲಿ ಒಬ್ಬಳ ಕೈ ಕೆಟ್ಟು, ಅವಳನ್ನು ಯಾರೂ ತಿರುಗಿ ನೋಡದಿದ್ದರೆ ಆ ಸುದ್ದಿ ಸಂಜೆಯ ಹಾಲಿನ ಹೊತ್ತಿಗೆ ಡೇರಿಯಲ್ಲಿರುತ್ತದೆ. ಅವಳ ಚಿಕಿತ್ಸೆಯ ಖರ್ಚು ಬಂತು, ಮೂರು ತಿಂಗಳ ಕೂಲಿ ಬಂತು ಎಂಬ ಸುದ್ದಿಯೂ ಅಷ್ಟೇ ಬೇಗ ಬರುತ್ತದೆ. ಎರಡರಲ್ಲಿ ಯಾವ ಸುದ್ದಿ ಜನರನ್ನು ಶಿಬಿರಕ್ಕೆ ಕರೆತರುತ್ತದೆ?

ಸುಳ್ಳು ಅರ್ಜಿ ಬರುತ್ತವೆ ಎಂಬ ಮಾತೂ ಇದೆ. ಬರಬಹುದು. ಹಾಲಿಗೆ ನೀರು ಬೆರೆಸುವವರು ಇದ್ದಾರೆಂದು ನಾವು ಡೇರಿ ಮುಚ್ಚಿಲ್ಲ, ಪರೀಕ್ಷೆ ಮಾಡಿ ಹಾಲು ಹಾಕಿಸಿಕೊಳ್ಳುತ್ತೇವೆ. ಇದಕ್ಕೂ 48 ಗಂಟೆ, ವೈದ್ಯರ ಚೀಟಿ, ಸ್ಕ್ಯಾನಿಂಗ್ ಎಂಬ ಪರೀಕ್ಷೆ ಇಡಲಿ.

ಹಣ ಎಲ್ಲಿಂದ ಎಂದರೆ, ಗಾಯ ಅಪರೂಪ ಎಂದು ಹೇಳುವವರೂ ಅವರೇ. ಅಪರೂಪವಾದರೆ ಖರ್ಚೂ ಕಡಿಮೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು

ಕಾಯ್ದೆ ಬರುವ ತನಕ ಸುಮ್ಮನೆ ಕುಳಿತುಕೊಳ್ಳಬೇಕಿಲ್ಲ. ಲಸಿಕೆಗೆ ಹೋಗುವ ದಿನ ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋಗಿ. ಕುಳಿತುಕೊಂಡೇ ಹಾಕಿಸಿಕೊಳ್ಳಿ, ಸಿಸ್ಟರ್‌ಗೂ ಕುಳಿತು ಹಾಕಿ ಎಂದು ಹೇಳಿ. ರಟ್ಟೆ ಪೂರ್ತಿ ಕಾಣಲಿ. ದಿನಾ ಹೆಚ್ಚು ಬಳಸುವ ಕೈ ಬಿಟ್ಟು ಇನ್ನೊಂದು ಕೈಗೆ ಹಾಕಿಸಿಕೊಳ್ಳಿ. ಲಸಿಕೆ ಚೀಟಿಯ ಮೇಲೆ ದಿನಾಂಕ, ಬ್ಯಾಚ್ ನಂಬರು, ಯಾವ ಕೈ ಎಂದು ಬರೆಸಿಕೊಳ್ಳಿ.

ಕೈ ಎತ್ತಲು ಬಾರದಂಥ ನೋವು ಎರಡು ದಿನದೊಳಗೆ ಶುರುವಾಗಿ, ವಾರ ಕಳೆದರೂ ಇಳಿಯದಿದ್ದರೆ ಎಣ್ಣೆ ನೀವಿಕೊಂಡು ಕಾಯಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ‘ಲಸಿಕೆ ಹಾಕಿಸಿಕೊಂಡ ಇಂಥ ದಿನದಿಂದ ನೋವು’ ಎಂದು ಚೀಟಿಯಲ್ಲಿ ಬರೆಯಿರಿ ಎಂದು ಕೇಳಿ. ಆ ಒಂದು ಸಾಲಿಗೆ ಮುಂದೆ ಬಹಳ ಬೆಲೆ ಇದೆ. ಲಸಿಕೆಯ ನಂತರದ ಅಡ್ಡಪರಿಣಾಮ ಎಂದು ವರದಿ ಮಾಡಿ ಎಂದೂ ಕೇಳಿ. ಅದಕ್ಕೆ ನಮೂನೆ ಇದೆ, ಜಿಲ್ಲೆಯಲ್ಲಿ ಅದನ್ನು ಪರಿಶೀಲಿಸುವ ಸಮಿತಿ ಇದೆ. ಔಷಧಗಳ ಅಡ್ಡಪರಿಣಾಮ ತಿಳಿಸಲು 1800-180-3024 ಎಂಬ ಪುಕ್ಕಟೆ ಫೋನ್ ನಂಬರೂ ಇದೆ. ಮೂಳೆ ವೈದ್ಯರು ಸ್ಕ್ಯಾನಿಂಗ್ ಹೇಳಿದರೆ ಮುಂದೂಡಬೇಡಿ. ಬೇಗ ಚಿಕಿತ್ಸೆ, ವ್ಯಾಯಾಮ ಶುರುವಾದಷ್ಟೂ ಕೈ ಬಿಗಿಯುವುದು ತಪ್ಪುತ್ತದೆ.

ಇನ್ನು ಕಾನೂನಿನ ನೆರವು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಪುಕ್ಕಟೆಯಾಗಿ ವಕೀಲರನ್ನು ಕೊಡಬೇಕು. ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, 15100ಕ್ಕೆ ಫೋನ್ ಮಾಡಬಹುದು. ದಾವೆಗೆ ಕಾಲಮಿತಿ ಇದೆ. ವರ್ಷ ತುಂಬುವ ಮೊದಲೇ ಹೋಗಿ.

ಕೊನೆಯದಾಗಿ ನಮ್ಮ ಪಾಸ್‌ಬುಕ್. ಯಾವ ದಿನ ಎಷ್ಟು ಲೀಟರ್ ಹಾಕಿದಿರಿ ಎಂಬುದು ಡೇರಿಯ ಲೆಕ್ಕದಲ್ಲಿದೆ. ಸೂಜಿ ಹಾಕಿಸಿಕೊಂಡ ವಾರದಿಂದ ಹಾಲು ಇಳಿದದ್ದು ಅಲ್ಲಿ ಅಂಕಿಯಲ್ಲಿ ಕಾಣುತ್ತದೆ. ಕೂಲಿಕಾರರಿಗೂ ಸಿಗದ ಪುರಾವೆ ಅದು. ಆದರೆ ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ? ಕಾಗದದ ಮೇಲೆ ಹಾಲು ಹಾಕುವವರು ಅವರು, ನಷ್ಟವೂ ಅವರದು. ನೀವು ‘ಮನೆಯಲ್ಲೇ ಇರುವವರು’. ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ ಮೋಟಾರು ಅಪಘಾತದ ಪ್ರಕರಣಗಳಲ್ಲಿ ಹೇಳಿದೆ, 2021ರ ಜನವರಿಯಲ್ಲೂ ಒತ್ತಿ ಹೇಳಿದೆ. ಅದು ಒಳ್ಳೆಯದೇ. ಆದರೂ ಹಸು ಕರೆಯುವವಳ ಹೆಸರಿನಲ್ಲೇ ಸದಸ್ಯತ್ವ, ಅವಳ ಖಾತೆಗೇ ಬಟವಾಡೆ ಇದ್ದರೆ ಅವಳ ಕೈಯ ಬೆಲೆ ಬೇರೆಯವರು ಊಹಿಸಬೇಕಾಗಿಲ್ಲ.

ಮಹಾಸಭೆಯಲ್ಲಿ ಎದ್ದು ನಿಲ್ಲೋಣ

ನಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಹಾಲಿನ ದರ, ಹಿಂಡಿಯ ದರ, ಪ್ರೋತ್ಸಾಹಧನದ ಬಾಕಿ ಚರ್ಚೆಗೆ ಬರುತ್ತವೆ. ಈ ಸಲ ಇದನ್ನೂ ತನ್ನಿ. ಠರಾವಿನಲ್ಲಿ ಇಷ್ಟು ಬರೆಸಿ: ಮಂಗನ ಕಾಯಿಲೆಯ ಹೊಸ ಲಸಿಕೆಯ ಜೊತೆಗೇ, ತಪ್ಪು ಸಾಬೀತು ಮಾಡದೆ ಪರಿಹಾರ ಕೊಡುವ ನಿಧಿಯೊಂದನ್ನು ಸರ್ಕಾರ ಸ್ಥಾಪಿಸಬೇಕು. ಭುಜದ ಗಾಯ ಆ ಪಟ್ಟಿಯಲ್ಲಿರಬೇಕು. ಎರಡು ತಿಂಗಳು ದುಡಿಮೆ ನಿಂತವರಿಗೂ ಅದು ಸಿಗಬೇಕು. ಪ್ರತಿ ಶಿಬಿರದಲ್ಲಿ ಪರದೆ, ಕುರ್ಚಿ, ತರಬೇತಿ ಪಡೆದ ಸಿಬ್ಬಂದಿ ಇರಬೇಕು. ತಾಲ್ಲೂಕುವಾರು ಅಡ್ಡಪರಿಣಾಮದ ವರದಿ ಜನರಿಗೆ ಸಿಗಬೇಕು. ನಮ್ಮ ಒಕ್ಕೂಟ ಈ ಠರಾವುಗಳನ್ನು ಒಟ್ಟುಮಾಡಿ ಸರ್ಕಾರಕ್ಕೆ ಕಳಿಸಲಿ. ಎನ್‌ಡಿಡಿಬಿಗೂ ಒಂದು ಪ್ರತಿ ಹೋಗಲಿ. ಅವರೇ ಹುಟ್ಟುಹಾಕಿದ ಸಂಸ್ಥೆ ತಯಾರಿಸುವ ಲಸಿಕೆ ಅವರದೇ ಹಾಲು ಉತ್ಪಾದಕರ ತೋಳಿಗೆ ಬರುವಾಗ ಈ ಮಾತು ಕೇಳಿಸಿಕೊಳ್ಳುವ ಹೊಣೆ ಅವರಿಗೂ ಇದೆ.

ಒಂದು ಸಂಘದ ಠರಾವು ಕಡತದಲ್ಲಿ ಕಳೆದುಹೋಗಬಹುದು. ಮೂರು ತಾಲ್ಲೂಕಿನ ಸಂಘಗಳು ಸೇರಿ ಕಳಿಸಿದರೆ ಉತ್ತರ ಕೊಡಲೇಬೇಕಾಗುತ್ತದೆ. ಸಭೆಯ ನೋಟಿಸು ಬಂದ ಕೂಡಲೇ ವಿಷಯಪಟ್ಟಿಗೆ ಸೇರಿಸಲು ಕಾರ್ಯದರ್ಶಿಗೆ ಬರೆದುಕೊಡಿ. ಹೇಳಲು ಸಂಕೋಚವಾದರೆ ಈ ಪುಟವನ್ನೇ ಕತ್ತರಿಸಿ ತೆಗೆದುಕೊಂಡು ಹೋಗಿ, ಓದಿ ಹೇಳಿ.